ನಿಮ್ಮ ಮನೆ ಮುಂದೆ ನಾನು ಎಡವಿ ಬಿದ್ದರೆ

ಒಂದು ಬೆಂಕಿಪೊಟ್ಟಣವನ್ನು ನೆಲದ ಮೇಲೆ ಅಂಗಾತ ಮಲಗಿಸಿ ನೋಡಿ. ಅದರ ಎತ್ತರ ಹೆಚ್ಚುಕಡಿಮೆ ಅರ್ಧ ಇಂಚು. ನ್ಯೂಯಾರ್ಕ್ ನಗರದಲ್ಲಿ ಫುಟ್‌ಪಾತಿನ ಒಂದು ಚಪ್ಪಡಿ ಪಕ್ಕದ ಚಪ್ಪಡಿಗಿಂತ ಅಷ್ಟು ಮೇಲೆದ್ದಿದ್ದರೆ ಸಾಕು, ನಗರದ ಸಾರಿಗೆ ಇಲಾಖೆಯ ನಿಯಮದ ಪ್ರಕಾರ ಅದು ಎಡವುವ ಅಪಾಯ. ಇನ್‌ಸ್ಪೆಕ್ಟರ್ ಬಂದು ಗುರುತು ಮಾಡಿಕೊಂಡು ಹೋಗುತ್ತಾರೆ, ಹಿಂದೆಯೇ ನೋಟಿಸ್ ಬರುತ್ತದೆ. ನೋಟಿಸ್ ಬರುವುದು ಯಾವ ಎಂಜಿನಿಯರಿಗೂ ಅಲ್ಲ, ಗುತ್ತಿಗೆದಾರನಿಗೂ ಅಲ್ಲ. ಆ ಚಪ್ಪಡಿಯ ಹಿಂದೆ ಯಾರ ಮನೆ ಇದೆಯೋ ಅವರಿಗೆ.

ನಮ್ಮ ಕಡೆಯಿಂದ ಹೋಗಿ ಅಲ್ಲಿ ಮನೆ ಕೊಂಡವರಿಗೆ ಇದು ಸುಲಭಕ್ಕೆ ತಲೆಗೆ ಹೋಗುವುದಿಲ್ಲ. ಬೆಂಗಳೂರಿನಲ್ಲಿ ಬೆಳೆದವರಿಗೆ ಫುಟ್‌ಪಾತ್ ಪಾಲಿಕೆಯ ಸೊತ್ತು. ಗೇಟಿನಿಂದ ಕಾರು ಇಳಿಸಲು ಅದರ ಮೇಲೆ ಸಿಮೆಂಟಿನ ಇಳಿಜಾರು ಕಟ್ಟಿಕೊಳ್ಳುವಾಗ ಮಾತ್ರ ನಮ್ಮದು. ಊರವರೆಲ್ಲ ಓಡಾಡುವ ಜಾಗವನ್ನು ನನ್ನ ಕೈಯಿಂದ ದುಡ್ಡು ಹಾಕಿ ಸರಿಮಾಡಿಸಬೇಕು ಎಂದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಈ ಸಿಟ್ಟಿಗೆ ಮುನ್ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆ ಇದೆ. ಅದನ್ನು ಹಿಡಿಯಬೇಕಾದರೆ ಮೊದಲು ಮೂರು ಪ್ರಶ್ನೆಗಳನ್ನು ಬಿಡಿಸಿಟ್ಟುಕೊಳ್ಳಬೇಕು. ಈ ನೆಲ ಯಾರದು? ಕೆಟ್ಟರೆ ರಿಪೇರಿ ಯಾರು ಮಾಡಿಸಬೇಕು? ಯಾರಾದರೂ ಬಿದ್ದು ಕಾಲು ಮುರಿದುಕೊಂಡರೆ ದುಡ್ಡು ಯಾರು ಕೊಡಬೇಕು? ಮೂರಕ್ಕೂ ಒಂದೇ ಉತ್ತರ ಇರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಬಹುಕಾಲ ನ್ಯೂಯಾರ್ಕಿನಲ್ಲಿ ಹಾಗಿರಲಿಲ್ಲ. ಜಾಗ ಸಾರ್ವಜನಿಕರದು, ರಿಪೇರಿ ಮನೆಯವರದು, ಬಿದ್ದವರಿಗೆ ಪರಿಹಾರ ನಗರದ ಬೊಕ್ಕಸದಿಂದ. ಇಡೀ ಜಗಳ ಹುಟ್ಟಿದ್ದು ಎರಡನೆಯ ಮತ್ತು ಮೂರನೆಯ ಉತ್ತರಗಳ ನಡುವಿನ ಸಂದಿನಲ್ಲಿ.

ಮ್ಯಾನ್‌ಹ್ಯಾಟನ್ನಿನ ದಕ್ಷಿಣದ ತುದಿಯಲ್ಲಿ ಸ್ಟೋನ್ ಸ್ಟ್ರೀಟ್ ಎಂಬ ಗಿಡ್ಡ ಬೀದಿಯೊಂದಿದೆ. ಡಚ್ಚರ ಕಾಲದಲ್ಲಿ ಅದಕ್ಕೆ ಬ್ರೌವರ್ ಸ್ಟ್ರಾಟ್ ಎಂದು ಹೆಸರು, ಅಂದರೆ ಬಿಯರ್ ತಯಾರಿಸುವವರ ಬೀದಿ. 1658ರ ಹೊತ್ತಿಗೆ ಆ ಬೀದಿಗೆ ಗುಂಡುಕಲ್ಲು ಹಾಸಲಾಯಿತು. ಊರಿನಲ್ಲಿ ಕಲ್ಲು ಹಾಸಿದ ಮೊದಲ ಬೀದಿ ಅದೇ ಎಂದು ಹೇಳುತ್ತಾರೆ, ಹೆಸರು ಬದಲಾದದ್ದೂ ಅದರಿಂದಲೇ. ಕಲ್ಲು ಹಾಸಿಕೊಡಿ ಎಂದು ಕೇಳಿದವರು ಬೀದಿಯ ನಿವಾಸಿಗಳು, ಖರ್ಚು ಹೊತ್ತವರೂ ಅವರೇ. ಧೂಳು ಯಾರ ಮನೆಯೊಳಗೆ ಬರುತ್ತದೋ ಅವರೇ ಕಲ್ಲಿಗೆ ದುಡ್ಡು ಹಾಕಲಿ ಎನ್ನುವುದು ಆಗಿನ ಲೆಕ್ಕ. ಇಂಗ್ಲಿಷರು ಬಂದ ಮೇಲೆ ಈ ರೂಢಿಗೆ ಕಾನೂನಿನ ಅಂಗಿ ತೊಡಿಸಿದರು. 1666ರ ಬೆಂಕಿಯಲ್ಲಿ ಸುಟ್ಟುಹೋದ ಲಂಡನ್ನನ್ನು ಮತ್ತೆ ಕಟ್ಟುವಾಗ ಬೀದಿ, ಚರಂಡಿಗಳ ಖರ್ಚನ್ನು ಅದರಿಂದ ಲಾಭ ಪಡೆಯುವ ಆಸ್ತಿಗಳ ಮೇಲೆ ಹಂಚುವ ಏರ್ಪಾಡು ಮಾಡಿದ್ದರು. ಅದೇ ಮಾದರಿ 1691ರಲ್ಲಿ ನ್ಯೂಯಾರ್ಕ್ ಪ್ರಾಂತ್ಯದ ಕಾಯ್ದೆಯಾಗಿ ಬಂದಿತು. ಮುಂದೆ ಇದು ಅಮೆರಿಕದ ಊರೂರಿಗೆ ಹಬ್ಬಿತು.

ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಮನೆ ಮುಂದೆ ಒಳ್ಳೆಯ ಹಾಸು ಬಂದರೆ ಮನೆಯ ಬೆಲೆ ಏರುತ್ತದೆ, ಅಂಗಡಿಗೆ ಗಿರಾಕಿ ಬರುತ್ತಾನೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಡ್ಸನ್ ಕಣಿವೆ, ಕ್ಯಾಟ್‌ಸ್ಕಿಲ್ ಬೆಟ್ಟಗಳ ಕಡೆಯ ಕಲ್ಲುಗಣಿಗಳಿಂದ ನೀಲಿ ಛಾಯೆಯ ಮರಳುಗಲ್ಲಿನ ಚಪ್ಪಡಿಗಳು ನದಿಯಲ್ಲಿ ತೇಲಿ ನಗರಕ್ಕೆ ಬರುತ್ತಿದ್ದವು. ಅಂಥ ಚಪ್ಪಡಿ ಹಾಸಿಸುವುದು ಮನೆಯ ಅಂತಸ್ತಿನ ಗುರುತೂ ಆಗಿತ್ತು. ಬ್ರೂಕ್ಲಿನ್ನಿನ ಹಳೆಯ ಬಡಾವಣೆಗಳಲ್ಲಿ ಇಂದಿಗೂ ಅವು ಉಳಿದಿವೆ. ಮಳೆ ಬಿದ್ದ ಮೇಲೆ ನೋಡಬೇಕು, ಸೀಸದ ಬಣ್ಣಕ್ಕೆ ತಿರುಗಿರುತ್ತವೆ. ಆಮೇಲೆ ಕಾಂಕ್ರೀಟ್ ಬಂದಿತು, ಅಗ್ಗವಾಯಿತು, ಊರೆಲ್ಲ ಬೂದು ಬಣ್ಣದ ಚೌಕಗಳಾದವು. ವಸ್ತು ಬದಲಾದರೂ ರೂಢಿ ಬದಲಾಗಲಿಲ್ಲ. ಹಾಸಿಸುವುದೂ ಸರಿಮಾಡಿಸುವುದೂ ಮನೆಯವರ ಪಾಲಿಗೇ ಉಳಿಯಿತು.

ಇಂದು ಅದು ನಡೆಯುವ ರೀತಿ ಹೀಗೆ. ನೋಟಿಸ್ ಕೈಸೇರಿದ ಮೇಲೆ ರಿಪೇರಿಗೆ 75 ದಿನ ಅವಕಾಶ. ಅಷ್ಟರಲ್ಲಿ ಪರವಾನಗಿ ಪಡೆದು, ಮೇಸ್ತ್ರಿ ಹಿಡಿದು ನೀವೇ ಮಾಡಿಸಬಹುದು. ಮಾಡಿಸದಿದ್ದರೆ ನಗರವೇ ತನ್ನ ಗುತ್ತಿಗೆದಾರರಿಂದ ಮಾಡಿಸಿ ನಿಮಗೆ ಬಿಲ್ ಕಳುಹಿಸಬಹುದು. ಜೊತೆಗೆ, ದಾಖಲಾದ ದೋಷ ಆಸ್ತಿಯ ಮೇಲೆ ಋಣಭಾರವಾಗಿ ಕೂರುತ್ತದೆ. ನಮ್ಮಲ್ಲಿ ಸೈಟು ಕೊಳ್ಳುವವರು ಋಣಭಾರ ಪತ್ರ ತೆಗೆಸಿ ನೋಡುವಂತೆಯೇ ಅಲ್ಲಿಯೂ ನೋಡುತ್ತಾರೆ. ಮನೆ ಮಾರಲೋ ಸಾಲ ಬದಲಿಸಲೋ ಹೊರಟಾಗ ಎಂದೋ ಮರೆತ ಚಪ್ಪಡಿ ಕಾಗದದಲ್ಲಿ ಎದ್ದು ಬರುತ್ತದೆ. ಒಂದು ಚೌಕ ಕಾಂಕ್ರೀಟಿಗಾಗಿ ಮನೆಯ ವ್ಯಾಪಾರವೇ ವಾರಗಟ್ಟಲೆ ನಿಲ್ಲುವುದುಂಟು.

ರಿಪೇರಿಯ ಮಾತು ಇಷ್ಟೇ. ನಿಜವಾದ ಕಥೆ ಇರುವುದು ಬಿದ್ದವರ ವಿಷಯದಲ್ಲಿ.

ಇಂಗ್ಲೆಂಡಿನಿಂದ ಬಂದ, ತೀರ್ಪಿನ ಮೇಲೆ ತೀರ್ಪು ಕೂಡಿ ಬೆಳೆದ ಕಾಮನ್ ಲಾ ಎಂಬ ಕಾನೂನಿನ ಪ್ರಕಾರ, ಪಕ್ಕದ ಜಾಗ ನಿಮ್ಮದೆಂಬ ಒಂದೇ ಕಾರಣಕ್ಕೆ ಫುಟ್‌ಪಾತಿನಲ್ಲಿ ಬಿದ್ದವರಿಗೆ ನೀವು ಹೊಣೆಯಲ್ಲ. ದೋಷವನ್ನು ನೀವೇ ಮಾಡಿದ್ದರೆ ಹೊಣೆ. ಫುಟ್‌ಪಾತನ್ನು ನಿಮ್ಮ ಸ್ವಂತ ಉಪಯೋಗಕ್ಕೆ ಬಳಸಿಕೊಂಡಿದ್ದರೆ, ಉದಾಹರಣೆಗೆ ನೆಲಮಾಳಿಗೆಗೆ ಇಳಿಯುವ ಕಬ್ಬಿಣದ ಬಾಗಿಲನ್ನು ಅದರಲ್ಲಿ ಕೂರಿಸಿದ್ದರೆ, ಹೊಣೆ. ಹೊಣೆ ನಿಮ್ಮದೇ ಎಂದು ಕಾಯ್ದೆಯೊಂದು ಬಾಯಿಬಿಟ್ಟು ಹೇಳಿದ್ದರೂ ಹೊಣೆ. ಇಲ್ಲದಿದ್ದರೆ ನಗರದ್ದು. ರಿಪೇರಿ ಮಾಡಿಸಿ ಎಂದು ಕಾಯ್ದೆ ನಿಮಗೆ ಹೇಳಿದ್ದರೂ ಅದು ನಿಮ್ಮ ಮತ್ತು ನಗರದ ನಡುವಿನ ಲೆಕ್ಕ. ಬಿದ್ದವನು ಅದನ್ನು ಹಿಡಿದುಕೊಂಡು ನಿಮ್ಮ ಮೇಲೆ ದಾವೆ ಹೂಡುವಂತಿರಲಿಲ್ಲ.

ಹಿಮದ ವಿಷಯದಲ್ಲಿ ಇದು ತಮಾಷೆಯ ಮಟ್ಟಕ್ಕೆ ಹೋಗಿತ್ತು. ಮನೆ ಮುಂದೆ ಬಿದ್ದ ಹಿಮವನ್ನು ಮುಟ್ಟದೆ ಒಳಗೆ ಬೆಚ್ಚಗೆ ಕುಳಿತವನಿಗೆ ನಗರ ದಂಡ ಹಾಕಬಹುದಿತ್ತು, ಆದರೆ ಜಾರಿ ಬಿದ್ದವನು ಅವನನ್ನು ಏನೂ ಕೇಳುವಂತಿರಲಿಲ್ಲ. ಅದೇ ಹೊರಗೆ ಬಂದು ಅರ್ಧಂಬರ್ಧ ಗೋರಿ, ಕರಗಿದ ನೀರು ರಾತ್ರಿ ಗಾಜಿನಂತೆ ಹೆಪ್ಪುಗಟ್ಟಲು ಬಿಟ್ಟವನು ಸಿಕ್ಕಿಬೀಳುತ್ತಿದ್ದ. ಇದ್ದುದನ್ನು ಇನ್ನಷ್ಟು ಕೆಡಿಸಿದೆ ಎಂಬ ವಾದಕ್ಕೆ ಅವನೇ ಸಾಕ್ಷಿ ಒದಗಿಸಿದ್ದ. ಸೋಮಾರಿಗೆ ಕಾನೂನಿನ ರಕ್ಷಣೆ, ಕೈಯಾಡಿಸಿದವನಿಗೆ ಕೋರ್ಟು.

ಹೀಗೆ ಬಿದ್ದವರೆಲ್ಲ ನಗರದ ಮೇಲೆ ಬಿದ್ದರು. 19,000 ಕಿಲೋಮೀಟರಿಗೂ ಹೆಚ್ಚು ಉದ್ದದ ಫುಟ್‌ಪಾತ್ ಇರುವ ಊರಿನಲ್ಲಿ ಪ್ರತಿ ಬಿರುಕಿಗೂ ಹೊಣೆಯಾಗುವುದೆಂದರೆ ಬೊಕ್ಕಸಕ್ಕೆ ತೂತು ಬಿದ್ದಂತೆಯೇ. ಎಪ್ಪತ್ತರ ದಶಕದಲ್ಲಿ ನ್ಯೂಯಾರ್ಕ್ ದಿವಾಳಿಯ ಅಂಚಿಗೆ ಹೋಗಿ ಬಂದಿತ್ತು. 1979ರಲ್ಲಿ ನಗರಸಭೆ ಒಂದು ಕಾಯ್ದೆ ತಂದಿತು, ಜನರ ಬಾಯಲ್ಲಿ ಅದು ಗುಂಡಿ ಕಾಯ್ದೆ. ಅದರ ತಿರುಳು ಇಷ್ಟು. ನಿರ್ದಿಷ್ಟ ಜಾಗದಲ್ಲಿ ನಿರ್ದಿಷ್ಟ ದೋಷವಿದೆ ಎಂದು ಯಾರಾದರೂ ಮೊದಲೇ ಬರವಣಿಗೆಯಲ್ಲಿ ತಿಳಿಸಿರಬೇಕು. ತಿಳಿಸಿದ 15 ದಿನದೊಳಗೆ ನಗರ ಅದನ್ನು ಸರಿಮಾಡದೆ ಬಿಟ್ಟಿರಬೇಕು. ಆಮೇಲೆ ನೀವು ಅಲ್ಲಿ ಬಿದ್ದಿರಬೇಕು. ಆಗ ಮಾತ್ರ ದಾವೆ.

ಈ ಕಾಯ್ದೆ ಬರೆದವರ ಜಾಣತನಕ್ಕೆ ತಲೆದೂಗಬೇಕು. ನಡೆಯುತ್ತಿರುವಾಗ ಕಂಡ ಬಿರುಕಿನ ಬಗ್ಗೆ ಇಲಾಖೆಗೆ ಕಾಗದ ಬರೆಯುವ ಪುಣ್ಯಾತ್ಮರು ಊರಿಗೆ ಎಷ್ಟು ಮಂದಿ ಇರುತ್ತಾರೆ? ನೂರಕ್ಕೆ ತೊಂಬತ್ತೊಂಬತ್ತು ಚಪ್ಪಡಿಗಳ ಮೇಲೆ ಒಂದು ಸಾಲಿನ ದೂರೂ ಇರುವುದಿಲ್ಲ, ಆದ್ದರಿಂದ ದಾವೆಯೂ ಇರುವುದಿಲ್ಲ. ಹೊಣೆಯನ್ನು ನಿರಾಕರಿಸದೆಯೇ ಅದಕ್ಕೆ ಅಗುಳಿ ಹಾಕಿದರು.

ಆದರೆ ವಕೀಲರೂ ಕಡಿಮೆಯವರಲ್ಲ. ಅಪಘಾತ ಪರಿಹಾರದ ಮೊಕದ್ದಮೆ ನಡೆಸುವ ರಾಜ್ಯದ ವಕೀಲರ ಸಂಘ 1982ರಲ್ಲಿ ಒಂದು ಸಂಸ್ಥೆ ಹುಟ್ಟುಹಾಕಿತು. ಅದರ ಉದ್ದದ ಹೆಸರು ಬಿಗ್ ಆಪಲ್ ಪಾಟ್‌ಹೋಲ್ ಅಂಡ್ ಸೈಡ್‌ವಾಕ್ ಪ್ರೊಟೆಕ್ಷನ್ ಕಾರ್ಪೊರೇಷನ್; ಬಿಗ್ ಆಪಲ್ ಎಂಬುದು ನ್ಯೂಯಾರ್ಕಿನ ಅಡ್ಡಹೆಸರು. ಕೆಲಸ ಸರಳ. ಕೈಯಲ್ಲಿ ನಕ್ಷೆ ಹಿಡಿದ ಜನ ನಗರದ ಬೀದಿ ಬೀದಿ ನಡೆದು, ಕಂಡ ಪ್ರತಿಯೊಂದು ದೋಷವನ್ನೂ ಗುರುತುಗಳಲ್ಲಿ ದಾಖಲಿಸುತ್ತಿದ್ದರು. ಗುಂಡಿಗೆ ಒಂದು ಗುರುತು, ಬಿರುಕಿಗೆ ಇನ್ನೊಂದು, ಮೇಲೆದ್ದ ಚಪ್ಪಡಿಗೆ ಒಂದು ನೇರ ಗೆರೆ. ನಕ್ಷೆಗಳ ಕಟ್ಟನ್ನು ಸಾರಿಗೆ ಇಲಾಖೆಗೆ ಒಯ್ದು ಕೊಟ್ಟು ಸ್ವೀಕೃತಿ ಪಡೆಯುತ್ತಿದ್ದರು. ಬರವಣಿಗೆಯಲ್ಲಿ ತಿಳಿಸಬೇಕು ಎಂದಿರಲ್ಲ, ಇಗೋ ಇಡೀ ಊರನ್ನೇ ತಿಳಿಸಿದ್ದೇವೆ.

ನನಗೆ ಈ ಪ್ರಸಂಗ ಬಹಳ ಇಷ್ಟ. ಫುಟ್‌ಪಾತಿನ ಪ್ರತಿ ಏರುತಗ್ಗನ್ನೂ ಇಷ್ಟು ಕಾಳಜಿಯಿಂದ ಬರೆದಿಟ್ಟ ಊರು ಬೇರೆ ಯಾವುದಿದ್ದೀತು! ಬರೆದಿಟ್ಟದ್ದು ಸರಿಮಾಡುವುದಕ್ಕಲ್ಲ, ಯಾರಾದರೂ ಬಿದ್ದಾಗ ಬೇಕಾಗುತ್ತದೆ ಎಂದು. ಸಾವಿರಾರು ಮೊಕದ್ದಮೆಗಳು ಈ ನಕ್ಷೆಗಳ ಮೇಲೆ ನಿಂತವು. ನ್ಯಾಯಾಧೀಶರು ಭೂತಗನ್ನಡಿ ಹಿಡಿದವರಂತೆ ಗೆರೆ, ಚುಕ್ಕೆ, ವೃತ್ತಗಳನ್ನು ಓದತೊಡಗಿದರು. ರಾಜ್ಯದ ಅತ್ಯುನ್ನತ ನ್ಯಾಯಾಲಯ 2008ರಲ್ಲಿ ತೀರ್ಮಾನಿಸಿದ ಒಂದು ಪ್ರಕರಣದಲ್ಲಿ ನಕ್ಷೆಯ ಮೇಲಿದ್ದುದು ನೇರ ಗೆರೆ, ಅಂದರೆ ಮೇಲೆದ್ದ ಜಾಗ. ಬಿದ್ದವರ ಹೇಳಿಕೆ ಮಾತ್ರ ಬೇರೆಯೇ ದೋಷದತ್ತ ಬೊಟ್ಟು ಮಾಡುತ್ತಿತ್ತು. ಅದರ ಜೊತೆಗೇ ವಿಚಾರಣೆಗೆ ಬಂದ ಇನ್ನೊಂದು ಪ್ರಕರಣದಲ್ಲಿ ಗುರುತು ಎಷ್ಟು ಗೋಜಲಾಗಿತ್ತೆಂದರೆ ನಕ್ಷೆಯ ವಿವರಣಾ ಪಟ್ಟಿಯಲ್ಲಿದ್ದ ಯಾವ ಗುರುತಿಗೂ ಅದು ಸರಿಯಾಗಿ ಹೊಂದಲಿಲ್ಲ. ಓದಲಾಗದ ಗುರುತು ಸೂಚನೆ ಆಗುವುದಿಲ್ಲ ಎಂದಿತು ನ್ಯಾಯಾಲಯ. ಎರಡೂ ಕಡೆ ಗೆದ್ದದ್ದು ನಗರವೇ. ಬಿದ್ದದ್ದು ನಿಜ, ದೋಷ ಇದ್ದದ್ದೂ ನಿಜ ಎಂದುಕೊಂಡರೂ ಗೆರೆ ತಪ್ಪಾಗಿತ್ತು.

ಈ ತೀರ್ಪು ಬರುವ ಹೊತ್ತಿಗೆ ಆಟದ ನಿಯಮವೇ ಬದಲಾಗಿ ಐದು ವರ್ಷವಾಗಿತ್ತು. ಮೈಕೆಲ್ ಬ್ಲೂಮ್‌ಬರ್ಗ್ ಮೇಯರ್ ಆಗಿದ್ದಾಗ, 2003ರ ಸೆಪ್ಟೆಂಬರ್ 14ರಿಂದ ಒಂದು ಹೊಸ ಕಲಮು ಜಾರಿಗೆ ಬಂದಿತು. ಆಡಳಿತ ಸಂಹಿತೆಯ 7-210 ಎಂದು ವಕೀಲರು ಅದನ್ನು ಸಂಖ್ಯೆಯಿಂದಲೇ ಕರೆಯುತ್ತಾರೆ. ರಿಪೇರಿಯ ಹೊಣೆಗೂ ಬಿದ್ದವರ ಹೊಣೆಗೂ ನಡುವೆ ಇದ್ದ ಸಂದನ್ನು ಅದು ಒಂದೇ ಏಟಿಗೆ ಮುಚ್ಚಿತು. ಫುಟ್‌ಪಾತನ್ನು ಸುರಕ್ಷಿತವಾಗಿ ಇಡುವುದು ಪಕ್ಕದ ಆಸ್ತಿಯ ಮಾಲೀಕನ ಕರ್ತವ್ಯ. ಇಡದೆ ಯಾರಿಗಾದರೂ ಪೆಟ್ಟಾದರೆ ಪರಿಹಾರವೂ ಅವನದೇ. ಹಿಮ, ಮಂಜುಗಡ್ಡೆ, ಕಸ ತೆಗೆಯದಿರುವುದೂ ಇದರಲ್ಲೇ ಸೇರಿತು. ಬೆಚ್ಚಗೆ ಒಳಗೆ ಕುಳಿತವನ ಹಳೆಯ ರಕ್ಷಣೆ ಅಲ್ಲಿಗೆ ಮುಗಿಯಿತು.

ಎಲ್ಲರಿಗೂ ಮುಗಿಯಲಿಲ್ಲ. ಒಂದು, ಎರಡು ಅಥವಾ ಮೂರು ಕುಟುಂಬಗಳ ಮನೆಯಾಗಿದ್ದು, ಮಾಲೀಕರು ಅದರಲ್ಲಿ ಪೂರ್ತಿಯಾಗಿಯೋ ಭಾಗಶಃವೋ ವಾಸವಿದ್ದು, ಇಡೀ ಕಟ್ಟಡ ವಾಸಕ್ಕೆ ಮಾತ್ರ ಬಳಕೆಯಾಗುತ್ತಿದ್ದರೆ ಅವರಿಗೆ ಈ ಕಲಮು ಅನ್ವಯಿಸುವುದಿಲ್ಲ. ಅವರ ಮುಂದೆ ಬಿದ್ದವರು ಹಳೆಯ ದಾರಿಯಲ್ಲೇ ನಗರದ ಹತ್ತಿರ ಹೋಗಬೇಕು, ಗುಂಡಿ ಕಾಯ್ದೆ, ಲಿಖಿತ ಸೂಚನೆ ಎಲ್ಲ ಸಮೇತ. ಮೂರು ಷರತ್ತುಗಳನ್ನೂ ಗಮನಿಸಿ. ನೆಲಮಹಡಿಯಲ್ಲಿ ಒಂದು ದಿನಸಿ ಅಂಗಡಿ ಇಟ್ಟರೆ ವಿನಾಯಿತಿ ಹೋಯಿತು. ಮಾಲೀಕರು ಬೇರೆ ಕಡೆಗೆ ಮನೆ ಬದಲಿಸಿ ಇದನ್ನು ಪೂರ್ತಿ ಬಾಡಿಗೆಗೆ ಕೊಟ್ಟರೂ ಹೋಯಿತು. ನಗರದ ಕ್ವೀನ್ಸ್ ಭಾಗದಲ್ಲಿ ಎರಡು ಸಂಸಾರದ ಮನೆ ಕೊಂಡು, ಕೆಲಸದ ನಿಮಿತ್ತ ನ್ಯೂಜೆರ್ಸಿಗೆ ಹೋಗಿ ನೆಲೆಸಿದ ನಮ್ಮವರು ಎಷ್ಟೋ ಜನ ತಿಳಿಯದೆಯೇ ಈ ಗೆರೆ ದಾಟಿರುತ್ತಾರೆ.

ಈ ವಿನಾಯಿತಿಯಲ್ಲಿ ಕರುಣೆಯೂ ಇದೆ, ಮತದ ಲೆಕ್ಕವೂ ಇದೆ ಎಂಬುದು ನನ್ನ ಗುಮಾನಿ. ಸ್ವಂತ ಮನೆಯಲ್ಲಿರುವ ಕುಟುಂಬಕ್ಕೆ ಒಂದು ದೊಡ್ಡ ಪರಿಹಾರದ ತೀರ್ಪು ಬಂದರೆ ಮನೆಯೇ ಹೋಗಬಹುದು, ನಿಜ. ಆದರೆ ಅಂಥ ಮನೆಗಳವರೇ ನಗರಸಭೆಯ ಚುನಾವಣೆಯಲ್ಲಿ ತಪ್ಪದೆ ಮತ ಹಾಕುವವರು ಎಂಬುದೂ ನಿಜ. ಉಳಿದವರಿಗೆ ಜೊತೆಯಲ್ಲೇ ಬಂದ ಇನ್ನೊಂದು ಕಲಮು ವಿಮೆ ಮಾಡಿಸಿ ಎಂದು ಹೇಳಿತು. ನನ್ನ ಮಟ್ಟಿಗೆ ಇಡೀ ಸುಧಾರಣೆಯಲ್ಲಿ ಕೆಲಸ ಮಾಡಿದ ಕೀಲು ಇದೇ. ಇಲಾಖೆಯ ನೋಟಿಸಿಗೆ ಹೆದರದ ಕಟ್ಟಡದ ಮಾಲೀಕ, ಕಂತು ಏರಿಸುತ್ತೇನೆ ಎನ್ನುವ ವಿಮಾ ಕಂಪನಿಗೆ ಹೆದರುತ್ತಾನೆ. ಚಪ್ಪಡಿ ನೋಡಲು ಅದು ತನ್ನವರನ್ನೇ ಕಳುಹಿಸುತ್ತದೆ.

ಹೊಣೆಯನ್ನು ದಾಟಿಸುವುದೂ ಸುಲಭವಲ್ಲ. ಕಟ್ಟಡವನ್ನು ಪೂರ್ತಿ ಗುತ್ತಿಗೆಗೆ ಕೊಟ್ಟು, ಫುಟ್‌ಪಾತ್ ಬಾಡಿಗೆದಾರರ ಜವಾಬ್ದಾರಿ ಎಂದು ಕರಾರಿನಲ್ಲಿ ಬರೆಸಿಕೊಂಡ ಮಾಲೀಕರೊಬ್ಬರು, ಮಂಜುಗಡ್ಡೆಯ ಮೇಲೆ ಜಾರಿ ಬಿದ್ದವರ ದಾವೆಯಿಂದ ತಪ್ಪಿಸಿಕೊಳ್ಳಲು ನೋಡಿದರು. 2019ರಲ್ಲಿ ಅದೇ ಅತ್ಯುನ್ನತ ನ್ಯಾಯಾಲಯ ಆಗದು ಎಂದಿತು. ಬಾಡಿಗೆದಾರನಿಂದ ಆಮೇಲೆ ವಸೂಲಿ ಮಾಡಿಕೊಳ್ಳಿ, ಬಿದ್ದವರಿಗೆ ಮಾತ್ರ ಉತ್ತರ ಕೊಡಬೇಕಾದವರು ನೀವೇ.

ಹಾಗಾದರೆ ಈಗ ಎಲ್ಲ ತಿಳಿಯಾಯಿತೇ? ಮ್ಯಾನ್‌ಹ್ಯಾಟನ್ನಿನ ಯಾವುದಾದರೂ ಬೀದಿಯಲ್ಲಿ ನೂರು ಅಡಿ ನಡೆದು ನೋಡೋಣ. ಹೋಟೆಲೊಂದರ ಮುಂದಿನ ಕಾಂಕ್ರೀಟ್ ಚೌಕಗಳು ಕಟ್ಟಡದ ಮಾಲೀಕರವು. ನಾಲ್ಕು ಹೆಜ್ಜೆ ಮುಂದೆ ಮರದ ಬುಡದ ಸುತ್ತ ಮಣ್ಣಿನ ಚೌಕ, ಅಂಚಿಗೆ ಗುಂಡುಕಲ್ಲು. ಅಲ್ಲಿ ಕಾಲು ಸಿಕ್ಕಿ ಬಿದ್ದರೆ ಮಾಲೀಕರು ಹೊಣೆಯಲ್ಲ. ಮರದ ಪಾತಿ ಈ ಕಲಮು ಹೇಳುವ ಫುಟ್‌ಪಾತಿನ ಭಾಗವಲ್ಲ ಎಂದು 2008ರಲ್ಲೇ ತೀರ್ಮಾನವಾಗಿದೆ. ಮುಂದೆ ವಿದ್ಯುತ್ ಕಂಪನಿಯ ಕಬ್ಬಿಣದ ಜಾಲರಿ ಬರುತ್ತದೆ. ಜಾಲರಿಯೂ ಅದರ ಸುತ್ತಲಿನ 12 ಇಂಚು ಜಾಗವೂ ಆ ಕಂಪನಿಯ ಪಾಲು, ಹದಿಮೂರನೆಯ ಇಂಚಿನಿಂದ ಮತ್ತೆ ಕಟ್ಟಡದ ಮಾಲೀಕರು. ಬೀದಿಯ ಮೂಲೆಗೆ ಬಂದರೆ ಗಾಲಿಕುರ್ಚಿ ಇಳಿಯಲು ಮಾಡಿದ ಇಳಿಜಾರು, ಅದು ನಗರದ್ದು. ಬಿದ್ದವನು ಯಾವ ಇಂಚಿನಲ್ಲಿ ಬಿದ್ದ ಎಂಬುದನ್ನು ತೀರ್ಮಾನಿಸಲು ವಕೀಲರು ಅಳತೆಪಟ್ಟಿ ಹಿಡಿದು ಫೋಟೊ ತೆಗೆಯುತ್ತಾರೆ. ಪಕ್ಕದಲ್ಲಿ ಒಂದು ನಾಣ್ಯ ಇಟ್ಟು ತೆಗೆಯುವವರೂ ಇದ್ದಾರೆ, ಆಳ ಎಷ್ಟೆಂದು ತೀರ್ಪುಗಾರರಿಗೆ ಕಾಣಲಿ ಎಂದು.

ಆ ಅರ್ಧ ಇಂಚಿನ ಮಾತೂ ಕೋರ್ಟಿಗೆ ಹೋದರೆ ಬೇರೆಯಾಗುತ್ತದೆ. ಇಲಾಖೆ ನೋಟಿಸ್ ಕೊಡಲು ಅರ್ಧ ಇಂಚು ಸಾಕು. ಪರಿಹಾರಕ್ಕೆ ಇಂತಿಷ್ಟು ಇಂಚು ಎಂಬ ಗೆರೆ ಇಲ್ಲ ಎಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ 1997ರಲ್ಲಿ ಹೇಳಿತು. ಅಗಲ, ಆಳ, ಏರು, ಜಾಗದ ಬೆಳಕು, ಜನಸಂದಣಿ ಎಲ್ಲವನ್ನೂ ಕೂಡಿಸಿ ನೋಡಬೇಕು ಎಂದ ನ್ಯಾಯಾಲಯ, ಅರ್ಧ ಇಂಚಿಗಿಂತ ಚೂರು ಹೆಚ್ಚು ಎದ್ದ ಚಪ್ಪಡಿಗೆ ಎಡವಿದ್ದ ಆ ಪ್ರಕರಣದಲ್ಲಿ ಪರಿಹಾರ ಕೊಡಲಿಲ್ಲ. 2015ರಲ್ಲಿ ಮತ್ತೆ ಅದೇ ಪ್ರಶ್ನೆ ಎದ್ದಿತು. ಈ ಬಾರಿ ಎಡವಿದ್ದು ಕಾಂಕ್ರೀಟಿನಿಂದ ಕಾಲು ಇಂಚಿನಷ್ಟು ತಲೆ ಹೊರಹಾಕಿದ್ದ ಲೋಹದ ಚೂರಿಗೆ. ಇದು ಕ್ಷುಲ್ಲಕ ಎಂದರು. ಬಿದ್ದವರಿಗೆ ಕ್ಷುಲ್ಲಕವಾಗಿರಲಿಲ್ಲ ಎಂಬುದು ಬೇರೆ ಮಾತು.

ಇನ್ನು ಮರಗಳು. ಈ ಇಡೀ ವ್ಯವಸ್ಥೆಯ ಅತಿ ದೊಡ್ಡ ಅಸಂಗತ ಅವೇ. 2015ರ ಗಣತಿಯಲ್ಲಿ ನಗರದ ಬೀದಿಬದಿಯಲ್ಲಿ ಸುಮಾರು 6 ಲಕ್ಷ 66 ಸಾವಿರ ಮರಗಳು ಸಿಕ್ಕವು. ಅವುಗಳನ್ನು ಕಡಿಯುವಂತಿಲ್ಲ, ಬೇರು ಕತ್ತರಿಸುವಂತಿಲ್ಲ, ಏಕೆಂದರೆ ಅವು ನಗರದ ಉದ್ಯಾನ ಇಲಾಖೆಯವು. ಬೇರು ಉಬ್ಬಿ ಚಪ್ಪಡಿ ಎತ್ತಿದರೆ ನೋಟಿಸ್ ಬರುತ್ತಿದ್ದುದು ಮಾತ್ರ ಮನೆಯವರಿಗೆ. ನಗರದ ಮರ ನಗರದ ಫುಟ್‌ಪಾತನ್ನು ಒಡೆದರೆ ಖರ್ಚು ನನ್ನದೇಕೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಯಾರ ಬಳಿಯೂ ಇರಲಿಲ್ಲ. 2005ರಲ್ಲಿ ಉದ್ಯಾನ ಇಲಾಖೆ ಸಣ್ಣ ಮನೆಗಳಿಗಾಗಿ ಒಂದು ರಿಪೇರಿ ಯೋಜನೆ ಆರಂಭಿಸಿತು, ಸರದಿ ಉದ್ದವಾಯಿತು. ಕೊನೆಗೆ 2019ರಲ್ಲಿ, ಮೇಯರ್ ಬಿಲ್ ಡಿಬ್ಲಾಸಿಯೊ ಕಾಲದಲ್ಲಿ, ಮೂರು ಕುಟುಂಬಗಳವರೆಗಿನ ಮನೆಗಳ ಮುಂದೆ ಬೀದಿಮರದಿಂದ ಮಾತ್ರ ಆದ ಹಾನಿಗೆ ಋಣಭಾರ ಹಾಕುವುದನ್ನು ನಗರ ಕೈಬಿಟ್ಟಿತು.

ಬೇರಿನ ಮಾತು ಬಂದಾಗ ಲಾಸ್ ಏಂಜಲೀಸನ್ನು ಬಿಡುವಂತಿಲ್ಲ. ಅಲ್ಲಿನ ಬೀದಿಗಳಲ್ಲಿ ಫುಟ್‌ಪಾತ್ ಎಬ್ಬಿಸುವುದರಲ್ಲಿ ಹೆಸರಾದ ಮರ ನಮ್ಮ ಕಡೆಯದೇ. ಆಲ, ಅರಳಿಗಳ ಬಳಗಕ್ಕೆ ಸೇರಿದ, ಅಲ್ಲಿ ಇಂಡಿಯನ್ ಲಾರೆಲ್ ಎನ್ನುವ ಫೈಕಸ್ ಮರ. ಬೇಗ ಬೆಳೆಯುತ್ತದೆ, ವರ್ಷವಿಡೀ ನೆರಳು ಕೊಡುತ್ತದೆ ಎಂದು ಸಾಲುಸಾಲಾಗಿ ನೆಟ್ಟರು. ಹಳೆಯ ಗುಡಿಯ ಗೋಡೆಯನ್ನು ಆಲದ ಬೇರು ಸೀಳಿದ್ದನ್ನು ಕಂಡ ನಮ್ಮೂರಿನ ಯಾವ ಅಜ್ಜಿಯನ್ನು ಕೇಳಿದ್ದರೂ ಬೇಡ ಎನ್ನುತ್ತಿದ್ದರು.

ಕ್ಯಾಲಿಫೋರ್ನಿಯದಲ್ಲಿ 1911ರ ರಾಜ್ಯ ಕಾಯ್ದೆಯ ಕಾಲದಿಂದ ರಿಪೇರಿ ಮಾಲೀಕರದೇ. 1974ರಲ್ಲಿ ಲಾಸ್ ಏಂಜಲೀಸ್ ನಗರಸಭೆ ದೊಡ್ಡ ಮನಸ್ಸು ಮಾಡಿತು. ಕೈಯಲ್ಲಿ ಕೇಂದ್ರ ಸರ್ಕಾರದ ಅನುದಾನವಿತ್ತು, ಬೇರಿನಿಂದ ಕೆಟ್ಟ ಫುಟ್‌ಪಾತಿನ ಹೊಣೆ ಇನ್ನು ಮುಂದೆ ನಗರದ್ದು ಎಂದು ಕಾನೂನು ಮಾಡಿತು. ಅನುದಾನ ಕೆಲವೇ ವರ್ಷಗಳಲ್ಲಿ ಮುಗಿಯಿತು. ಕಾನೂನು ಉಳಿಯಿತು. ಮಾಲೀಕರು ನಗರ ಮಾಡಲಿ ಎಂದು ಕಾದರು, ನಗರ ದುಡ್ಡು ಬರಲಿ ಎಂದು ಕಾಯಿತು, ಬೇರುಗಳು ಮಾತ್ರ ಯಾರಿಗೂ ಕಾಯಲಿಲ್ಲ. 17,000 ಕಿಲೋಮೀಟರಿಗೂ ಮಿಕ್ಕಿದ ಫುಟ್‌ಪಾತಿನಲ್ಲಿ ದೊಡ್ಡ ಪಾಲು ನಡೆಯಲಾಗದಂತಾಯಿತು. ಗಾಲಿಕುರ್ಚಿಯಲ್ಲಿ ಓಡಾಡುವವರು ರಸ್ತೆಗೆ ಇಳಿದು ಕಾರುಗಳ ನಡುವೆ ಹೋಗಬೇಕಾಯಿತು. ಅಂಗವಿಕಲರು 2010ರಲ್ಲಿ ಹೂಡಿದ ಸಾಮೂಹಿಕ ದಾವೆ 2016ರಲ್ಲಿ ರಾಜಿಯಲ್ಲಿ ಮುಗಿಯಿತು. ಮೂವತ್ತು ವರ್ಷಗಳಲ್ಲಿ ಸುಮಾರು 140 ಕೋಟಿ ಡಾಲರ್ ಖರ್ಚು ಮಾಡಿ ಸರಿಪಡಿಸುತ್ತೇವೆ ಎಂದು ನಗರ ಒಪ್ಪಿಕೊಂಡಿತು. ಆಗ ಮಾಡಿದ ಹೊಸ ನಿಯಮದ ಪ್ರಕಾರ ನಗರ ಒಮ್ಮೆ ಸರಿಮಾಡಿಕೊಡುತ್ತದೆ, ವಾಸದ ಮನೆಗೆ 20 ವರ್ಷ, ವ್ಯಾಪಾರದ ಕಟ್ಟಡಕ್ಕೆ 5 ವರ್ಷ ವಾರಂಟಿ ಕೊಡುತ್ತದೆ, ಆಮೇಲೆ ಹೊಣೆ ಮತ್ತೆ ಮಾಲೀಕರಿಗೇ. ಮಿಕ್ಸಿ ಕೊಂಡಾಗ ಅಂಗಡಿಯವನು ಸೀಲು ಹಾಕಿ ಕೊಡುವ ಚೀಟಿಯ ಹಾಗೆ, ಫುಟ್‌ಪಾತಿಗೊಂದು ವಾರಂಟಿ.

ಕನ್ನಡಿಗರು ಸಾಕಷ್ಟು ಸಂಖ್ಯೆಯಲ್ಲಿರುವ ಸ್ಯಾನ್ ಹೋಸೆ ನಗರ ಈ ರಾಜ್ಯದಲ್ಲಿದ್ದೂ ನ್ಯೂಯಾರ್ಕಿನ ದಾರಿ ಹಿಡಿದಿದೆ. ಅಲ್ಲಿ ಬಿದ್ದವರ ಹೊಣೆಯೂ ಮಾಲೀಕರದೇ ಎಂಬ ಸ್ಥಳೀಯ ಕಾನೂನನ್ನು ಮೇಲ್ಮನವಿ ನ್ಯಾಯಾಲಯ 2004ರಲ್ಲಿ ಎತ್ತಿಹಿಡಿಯಿತು, ಮತ್ತು ಅಲ್ಲಿ ಸ್ವಂತ ಮನೆಯವರಿಗೂ ರಿಯಾಯಿತಿ ಇಲ್ಲ. ಡೆನ್ವರ್ ಇದಕ್ಕೆ ಪೂರ್ತಿ ತಿರುಗಿ ನಡೆಯಿತು. 2022ರಲ್ಲಿ ಮತದಾರರೇ ಮಾಲೀಕರ ಹೊಣೆಯನ್ನು ಕಿತ್ತು ನಗರಕ್ಕೆ ಕೊಟ್ಟರು, ಅದಕ್ಕಾಗಿ ಪ್ರತಿ ಆಸ್ತಿಯೂ ವಾರ್ಷಿಕ ಶುಲ್ಕ ಕಟ್ಟಬೇಕು. ಒಬ್ಬೊಬ್ಬರೂ ತಮ್ಮ ಚೌಕಕ್ಕೆ ಸಿಮೆಂಟು ಕಲಸುವ ಬದಲು ಎಲ್ಲರೂ ಸೇರಿ ಒಂದೇ ಡಬ್ಬಿಗೆ ದುಡ್ಡು ಹಾಕುವ ಪದ್ಧತಿ. ನನಗೆ ಇದೇ ಹೆಚ್ಚು ಒಪ್ಪುತ್ತದೆ. ಫುಟ್‌ಪಾತ್ ಒಂದು ಸರಪಳಿ, ಎರಡು ಮನೆಯವರು ಮಾಡಿಸಿ ಮೂರನೆಯವರು ಬಿಟ್ಟರೆ ಮೊದಲಿನ ಇಬ್ಬರ ಖರ್ಚೂ ಗಾಲಿಕುರ್ಚಿಯವರ ಪಾಲಿಗೆ ವ್ಯರ್ಥ. ಮೂಲೆ ಸೈಟಿನವರನ್ನು ಕೇಳಿದರೆ ಇನ್ನೂ ಜೋರಾಗಿ ಹೇಳಿಯಾರು, ಮಾಲೀಕರ ಪದ್ಧತಿಯಲ್ಲಿ ಅವರಿಗೆ ಎರಡು ಬದಿಯ ಖರ್ಚು.

ನ್ಯೂಯಾರ್ಕ್ ಮಾತ್ರ ಆ ಕಡೆ ಹೊರಳುವ ಸೂಚನೆ ಇಲ್ಲ. ಚಳಿಗಾಲದಲ್ಲಿ ಒಂದು ಬೆಳಗ್ಗೆ ಕ್ವೀನ್ಸಿನ ಯಾವುದಾದರೂ ಬೀದಿಗೆ ಹೋದರೆ ಈ ಕಾನೂನು ಕಣ್ಣಿಗೆ ಕಾಣುತ್ತದೆ, ಕಿವಿಗೂ ಕೇಳುತ್ತದೆ. ಕಾಂಕ್ರೀಟಿಗೆ ಸಲಿಕೆ ಉಜ್ಜುವ ಸದ್ದು ಮನೆಯಿಂದ ಮನೆಗೆ ಹರಿಯುತ್ತದೆ. ಹಿಮ ನಿಂತ ನಾಲ್ಕು ಗಂಟೆಯೊಳಗೆ ತೆಗೆಯಬೇಕು, ರಾತ್ರಿ 9ರಿಂದ ಬೆಳಗ್ಗೆ 7ರವರೆಗಿನ ಸಮಯ ಲೆಕ್ಕಕ್ಕಿಲ್ಲ. ಆದ್ದರಿಂದ ರಾತ್ರಿ ನಿಂತ ಹಿಮಕ್ಕೆ ಬೆಳಗ್ಗೆ 11 ಗಡುವು. ಗೋರಲಾಗದಷ್ಟು ಗಟ್ಟಿಯಾಗಿದ್ದರೆ ಬೂದಿ, ಮರಳು ಅಥವಾ ಮರದ ಹೊಟ್ಟು ಎರಚಬಹುದು ಎಂದು ಕಾಯ್ದೆ ಇಂದಿಗೂ ಹೇಳುತ್ತದೆ, ಮನೆಮನೆಯಲ್ಲಿ ಕಲ್ಲಿದ್ದಲ ಒಲೆ ಉರಿಯುತ್ತಿದ್ದ ಕಾಲದ ಭಾಷೆಯಲ್ಲಿ. ಈಗ ಎಲ್ಲರೂ ಎರಚುವುದು ಉಪ್ಪು. ಕಿವಿಯವರೆಗೆ ಟೋಪಿ ಎಳೆದುಕೊಂಡ ಮನೆಯವರು ತಮ್ಮ ಗೇಟಿನಿಂದ ಪಕ್ಕದ ಮನೆಯ ಗೇಟಿನವರೆಗೆ ನಾಲ್ಕಡಿ ಅಗಲದ ಒಂದು ದಾರಿ ಬಿಡಿಸುತ್ತಾರೆ. ತೆಗೆದ ಹಿಮವನ್ನು ರಸ್ತೆಗೆ ಎಸೆಯುವಂತಿಲ್ಲ, ಅದಕ್ಕೂ ದಂಡವಿದೆ; ಮರದ ಬುಡಕ್ಕೋ ಬೇಲಿಯ ಒಳಗೋ ರಾಶಿ ಹಾಕಬೇಕು. ಆ ಹೊತ್ತಿಗೆ ಸರಿಯಾಗಿ ನಗರದ ಹಿಮದ ಲಾರಿ ಬರುತ್ತದೆ, ರಸ್ತೆಯ ಹಿಮವನ್ನೆಲ್ಲ ಬದಿಗೆ ತಳ್ಳಿ ಫುಟ್‌ಪಾತಿನ ಅಂಚಿಗೆ ಒಂದು ಗೋಡೆ ಕಟ್ಟಿ ಮುಂದೆ ಹೋಗುತ್ತದೆ. ಸಲಿಕೆ ಮತ್ತೆ ಮೇಲೇಳುತ್ತದೆ.